‘ಲೇ’ ಎಂಬುದು ಬೈಗುಳವೇ?

ಬೆಂಗಳೂರಿನ ಕಾಲೇಜುಗಳಿಂದ, ಕಂಪನಿಗಳಿಂದ ರಜೆಗೆಂದು ಊರಿಗೆ ಬರುವ ಮಕ್ಕಳ ಮಾತನ್ನು ಕುರಿತು ನಮ್ಮ ಕಥೋಲಿಕ ಕುಟುಂಬಗಳ ಹಿರಿಯರು ಬೇಸರಪಡುವುದನ್ನು ನಾವು ಆಗಾಗ ಕೇಳುತ್ತೇವೆ. ಗೆಳೆಯನಾದವನು ‘ಮಚ್ಚಾ’ ಆಗಿದ್ದಾನೆ. ಚೆನ್ನಾಗಿರುವುದೆಲ್ಲವೂ ‘ಸಖತ್’ ಆಗಿದೆ. ಹಾದಿಯಲ್ಲಿ ಸಿಕ್ಕವನೆಲ್ಲ ‘ಗುರು’ ಆಗಿದ್ದಾನೆ. (ಈ ಕೊನೆಯ ಬಡ್ತಿಯ ಬಗ್ಗೆ ಗುರುಗಳಾದ ನಮ್ಮ ಆಕ್ಷೇಪಣೆಯೇನೂ ಇಲ್ಲ.) ಅತ್ತ ಆ ಮಕ್ಕಳಿಗೋ, ಕೊಟ್ಟೂರು, ಕೂಡ್ಲಿಗಿ, ಹಡಗಲಿ ಸೀಮೆಯ ತಮ್ಮ ಮನೆಯ ‘ಲೇ’ ಎಂಬ ಮಾತು ಪಟ್ಟಣದವರ ಮುಂದೆ ನಾಚಿಕೆ ತರುತ್ತದೆ. ಹೀಗೆ ಎರಡು ತಲೆಮಾರುಗಳೂ ಒಂದರ ಮಾತನ್ನು ಇನ್ನೊಂದು ಒರಟೆಂದು ತೀರ್ಮಾನಿಸಿವೆ. ಯಾವ ಮಾತಿನಿಂದ ಯಾರಿಗೆ ನೋವಾಗುತ್ತದೆ ಎಂಬ ವಿಚಾರಕ್ಕೆ ಮಾತ್ರ ಯಾರೂ ಕೈಹಾಕಿಲ್ಲ.

ಹುಟ್ಟನ್ನು ವಿಚಾರಿಸಿದರೆ ಈ ಪದಗಳಲ್ಲಿ ಹೆಚ್ಚಿನವು ನಿರಪರಾಧಿಗಳು. ‘ಮಚ್ಚಾ’ ತಮಿಳಿನ ‘ಮಚ್ಚಾನ್’, ಅಂದರೆ ಭಾವಮೈದುನ. ರಕ್ತಸಂಬಂಧವಿಲ್ಲದವನನ್ನು ಬಾಯಿಮಾತಿನಿಂದಲೇ ನೆಂಟನನ್ನಾಗಿ ಮಾಡಿಕೊಳ್ಳುವ ಪದ. ‘ಸಖತ್’ ಪಾರಸಿಯಿಂದ ಬಂದದ್ದು. ಅಲ್ಲಿ ‘ಗಟ್ಟಿ’, ‘ಕಠಿಣ’ ಎಂಬ ಅರ್ಥವಿದ್ದುದು ನಮ್ಮಲ್ಲಿಗೆ ಬರುವ ಹೊತ್ತಿಗೆ ಸೊಗಸಾಯಿತು. ಮಲೆನಾಡಿನವರ ‘ಮಾರಾಯ’ ಮಹಾರಾಯನೇ. ಇಂಥ ಪದಗಳ ವಂಶಾವಳಿಯನ್ನು ಪ್ರೊ. ಜಿ. ವೆಂಕಟಸುಬ್ಬಯ್ಯನವರು ೧೯೯೧ರಿಂದ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರಿಗೆ ತಾಳ್ಮೆಯಿಂದ ತಿಳಿಸಿಕೊಡುತ್ತ ಬಂದರು. ಆಡುಮಾತೆಂದು ಯಾವ ಪದವನ್ನೂ ಅವರು ಬಾಗಿಲಾಚೆ ನಿಲ್ಲಿಸಲಿಲ್ಲ. ಅವರಿಗಿಂತ ಬಹಳ ಮುಂಚೆ, ೧೮೯೪ರಲ್ಲಿ, ಪ್ರೊಟೆಸ್ಟೆಂಟ್ ಮಿಷನರಿ ಕಿಟ್ಟೆಲ್ ಅವರ ಮಹಾನಿಘಂಟಿನಲ್ಲಿಯೂ ಹಳಗನ್ನಡ ಕಾವ್ಯಗಳ ಪದಗಳ ಪಕ್ಕದಲ್ಲೇ ಜನರ ಗಾದೆಗಳಿಗೆ ಜಾಗ ದೊರೆತಿತ್ತು.

ಇನ್ನು ನಮ್ಮ ‘ಲೇ’. ಕೊಟ್ಟೂರಿನ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಅದರ ವ್ಯಾಕರಣವೆಲ್ಲ ತಿಳಿಯುತ್ತದೆ. ‘ಯಾಕಲೇ, ಊಟಕ್ಕ ಬರಲಿಲ್ಲಾ?’ ಎಂಬಲ್ಲಿ ಅದು ಅಕ್ಕರೆ. ಸಾಲ ಕೇಳಲು ಬಂದವನು ‘ಏನಲೇ’ ಎಂದರೆ ಅದೇ ಅಕ್ಷರ ಕಪಾಳಕ್ಕೆ ಬಿದ್ದಂತೆ. ಅಲ್ಲೇ ಹಾದುಹೋಗುವ ಮೇಷ್ಟರಿಗೆ ಅದೇ ಬಾಯಿ ‘ಬರ್ರೀ’ ಎನ್ನುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ ನುಡಿಯುವ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ಕೂಗಿನಲ್ಲಿಯೂ ನಮ್ಮ ಕಿವಿಗೆ ಒಂದು ‘ಲೇ’ ಕೇಳಿಸುತ್ತದೆ. ಅದನ್ನು ಅವಮಾನವೆಂದು ಬಗೆದವರು ಯಾರೂ ಇಲ್ಲ. ಪದದ ಅರ್ಥವನ್ನು ಅದರ ಬಳಕೆಯಲ್ಲಿಯೇ ಹುಡುಕಬೇಕೆಂದು ತತ್ತ್ವಜ್ಞಾನಿ ವಿಟ್ಗೆನ್‌ಸ್ಟೈನ್ ತಮ್ಮ ಮರಣಾನಂತರ ೧೯೫೩ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಾದಿಸಿದರು. ನಮ್ಮ ಸಂತೆಯ ಜನಕ್ಕೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಆಡುಮಾತನ್ನು ಹೀಗಳೆಯುವ ಹಕ್ಕು ಕ್ರೈಸ್ತರಾದ ನಮಗಂತೂ ಇಲ್ಲ. ಹೊಸ ಒಡಂಬಡಿಕೆಯನ್ನು ಬರೆದದ್ದು ಅಥೆನ್ಸಿನ ಪಂಡಿತರ ಗ್ರೀಕಿನಲ್ಲಲ್ಲ. ವ್ಯಾಪಾರಿಗಳೂ ಸಿಪಾಯಿಗಳೂ ಆಡುತ್ತಿದ್ದ ಸಾಮಾನ್ಯ ಗ್ರೀಕಿನಲ್ಲಿ. ಈಜಿಪ್ಟಿನ ಮರಳಿನಲ್ಲಿ ದೊರೆತ ಹಳೆಯ ರಸೀದಿಗಳು, ಮನೆಯ ಕಾಗದಗಳು ಅದನ್ನು ತೋರಿಸಿಕೊಟ್ಟವು. ಸಂತ ಅಗುಸ್ತೀನರಂತೂ ಅಲಂಕಾರಶಾಸ್ತ್ರದ ಅಧ್ಯಾಪಕರಾಗಿದ್ದವರು. ಲತೀನಿನಲ್ಲಿ ‘ಎಲುಬು’ ಮತ್ತು ‘ಬಾಯಿ’ ಎಂಬುದಕ್ಕೆ ಇದ್ದ ಪದಗಳು ಆಫ್ರಿಕದ ತಮ್ಮ ಜನರ ಕಿವಿಗೆ ಒಂದೇ ಆಗಿ ಕೇಳುತ್ತಿದ್ದುದರಿಂದ, ಎಲುಬಿಗೆ ವ್ಯಾಕರಣ ಒಪ್ಪದ ಹಳ್ಳಿಯ ರೂಪವನ್ನೇ ಬಳಸುವುದು ಲೇಸೆಂದು ಅವರು ವಾದಿಸಿದರು. ಜನರಿಗೆ ತಿಳಿಯದಿರುವುದಕ್ಕಿಂತ ವೈಯಾಕರಣರು ಬೈಯುವುದೇ ಮೇಲು ಎಂಬುದು ಅವರ ನಿಲುವು.

ಹಾಗಾದರೆ ಎಲ್ಲ ಮಾತೂ ಸರಿಯೇ? ಅಲ್ಲ. ಶುಭಸಂದೇಶವು ಯೇಸುಸ್ವಾಮಿಯ ಊರಿನ ಕೆಲವು ಅರಮಾಯಿಕ್ ಪದಗಳನ್ನು ಗ್ರೀಕಿಗೆ ತಿರುಗಿಸದೆ ಹಾಗೆಯೇ ಉಳಿಸಿಕೊಂಡಿದೆ. ಅವುಗಳಲ್ಲಿ ಎರಡನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಬೇಕು. ಗೆತ್ಸೆಮನಿಯ ತೋಟದಲ್ಲಿ ಪ್ರಭು ಕರೆದ ‘ಅಬ್ಬಾ’ ಒಂದು. ನಮ್ಮ ‘ಅಪ್ಪಾ’ ಎಂಬುದಕ್ಕೆ ಅರ್ಥದಲ್ಲಿಯೂ ದನಿಯಲ್ಲಿಯೂ ಎಷ್ಟು ಹತ್ತಿರ! ಮತ್ತೊಂದು, ಪರ್ವತಪ್ರಸಂಗದಲ್ಲಿ ಅವರು ಖಂಡಿಸಿದ ‘ರಾಕ’. ‘ಬರಿದು’ ಎಂಬ ಅರ್ಥದ ಮಾತಿನಿಂದ ಹುಟ್ಟಿದ ಬೀದಿಯ ಬೈಗುಳವದು. ನಮ್ಮ ಹುಡುಗರು ‘ಖಾಲಿ ಡಬ್ಬ’ ಎನ್ನುತ್ತಾರಲ್ಲ, ಅದರ ಅಣ್ಣ. ಎರಡೂ ಆಡುಮಾತೇ. ಒಂದು ಹತ್ತಿರಕ್ಕೆ ಕರೆಯುತ್ತದೆ, ಮತ್ತೊಂದು ಎದುರಿನವನಲ್ಲಿ ಏನೂ ಇಲ್ಲವೆಂದು ಸಾರುತ್ತದೆ.

ಈ ‘ರಾಕ’ನ ಸಂತತಿ ಇರುವುದು ಮಕ್ಕಳ ‘ಮಚ್ಚಾ’ದಲ್ಲಲ್ಲ, ದೊಡ್ಡವರಾದ ನಮ್ಮ ನಾಲಗೆಯಲ್ಲಿ. ‘ಹಜಾಮ’ ಎಂಬುದನ್ನೇ ನೋಡಿರಿ. ಅರಬ್ಬಿಯಲ್ಲಿ ಅದು ಕೆಟ್ಟ ರಕ್ತ ತೆಗೆದು ನೋವು ಶಮನಮಾಡುವವನ ಹೆಸರು; ನಮ್ಮಲ್ಲಿ ಕ್ಷೌರಿಕನ ಹೆಸರಾಗಿ, ಕೊನೆಗೆ ಕೈಲಾಗದವನನ್ನು ಬೈಯುವ ಪದವಾಯಿತು. ನಮ್ಮ ತಲೆಯನ್ನು ಮುಟ್ಟಿ ಶುಚಿಮಾಡಿದವನಿಗೆ ನಾವು ಕೊಟ್ಟ ಕೂಲಿ ಇದು! ಕುಂಟ, ಕುರುಡ, ಕಿವುಡ ಎಂಬವು ಕಾಲು, ಕಣ್ಣು, ಕಿವಿ ನೆಟ್ಟಗಿರುವವರ ಮೇಲೆ ಎಸೆಯುವ ಕಲ್ಲುಗಳಾಗಿವೆ. ಆದರೆ ಕಲ್ಲು ಬೀಳುವುದು ಬೇರೆಯವರ ಮೇಲೆ. ಜಾತಿಯ ಹೆಸರುಗಳನ್ನು ಇಲ್ಲಿ ಅಚ್ಚುಮಾಡಲು ನಮಗೆ ಮನಸ್ಸಿಲ್ಲ. ಪರಿಶಿಷ್ಟರನ್ನು ಜಾತಿಯ ಹೆಸರೆತ್ತಿ ಬಹಿರಂಗವಾಗಿ ಹೀನಾಯಗೊಳಿಸುವುದು ೧೯೮೯ರ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಗೆ ಸಿಗದ ಕಡೆ, ಊಟದ ಮನೆಯಲ್ಲಿ, ಕೊಳಕಾದ ಅಂಗಿಗೂ ಒಂದು ಜಾತಿಯ ಹೆಸರಿಡುವ ಅಭ್ಯಾಸ ಇನ್ನೂ ಉಳಿದಿದೆ. ನಮ್ಮ ದೇವಾಲಯಗಳಲ್ಲಿ ಮೊಣಕಾಲೂರುವ ಹಲವರ ಅಜ್ಜ-ಮುತ್ತಜ್ಜಂದಿರು ಆ ಹೆಸರುಗಳಿಂದಲೇ ಕರೆಸಿಕೊಂಡವರು.

‘ನಾವು ಯಾರನ್ನೂ ಉದ್ದೇಶಿಸಿ ಅಂದದ್ದಲ್ಲ’ ಎಂಬ ಸಮಾಧಾನ ಸಿದ್ಧವಾಗಿಯೇ ಇರುತ್ತದೆ. ನಿಂದೆಯ ಮಾತಿನ ಪಾಪವನ್ನು ಆಡಿದವನ ಉದ್ದೇಶದಿಂದ ಅಳೆಯಬೇಕೆಂದು ಸಂತ ತೋಮಸ್ ಅಕ್ವಿನಾಸರೂ ಹೇಳಿದ್ದಾರೆ, ನಿಜ. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಆಡುವ ಮಾತನ್ನು ಅಳತೆಯರಿತು ಆಡಬೇಕು, ಎಚ್ಚರವಿಲ್ಲದೆ ಆಡಿದ್ದರಿಂದಲೂ ಇನ್ನೊಬ್ಬನ ಮಾನ ಹೋಗಬಹುದು ಎಂದು ಸೇರಿಸಿದ್ದಾರೆ.

ಪ್ರಥಮ ಪಾಪನಿವೇದನೆಗೆ ಸಿದ್ಧರಾಗುವ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ‘ಕೆಟ್ಟ ಮಾತು’ ಎಂದರೇನೆಂಬ ಪ್ರಶ್ನೆಗೆ ಮೊದಲು ಹೇಳುವುದು ‘ಲೇ’ ಎಂದು. ಅದನ್ನು ಅವರಿಗೆ ಕಲಿಸಿದವರು ಹಿರಿಯರೇ. ಮೇಲೆ ಹೇಳಿದ ಪದಗಳು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ, ಏಕೆಂದರೆ ಅವುಗಳಿಗಾಗಿ ಮನೆಯಲ್ಲಿ ಯಾರೂ ಯಾರನ್ನೂ ಗದರಿಸಿಲ್ಲ. ಪಟ್ಟಿಯನ್ನು ತಿದ್ದಬೇಕಾದದ್ದು ಅಲ್ಲಿಂದ.

ತಿದ್ದುವಾಗಲೂ ಎಲ್ಲವೂ ಸುಲಭವಲ್ಲ. ಮೈಸೂರು ಸೀಮೆಯ ಕಡೆ ಮೊಮ್ಮಗುವನ್ನು ‘ಮುಂಡೇದೆ’ ಎಂದು ಮುದ್ದಿಸುವ ಅಜ್ಜಿಯರಿದ್ದಾರೆ. ತಲೆ ಬೋಳಿಸಿಕೊಳ್ಳಬೇಕಾದ ವಿಧವೆಯ ನೋವಿನಿಂದ ಹುಟ್ಟಿದ ಪದವದು. ಹೆಣ್ಣಿಗೆ ಬೈಗುಳವಾಗಿ ಬಳಸುವಾಗ ಅದಕ್ಕಿಂತ ಕ್ರೂರವಾದುದು ಕಡಿಮೆ. ಆದರೆ ಆ ಅಜ್ಜಿ ತಾನೇ ಹಲವು ವರ್ಷಗಳಿಂದ ವಿಧವೆಯಾಗಿದ್ದು, ತೊಡೆಯ ಮೇಲಿನ ಮಗುವಿಗೆ ಹಾಗೆನ್ನುತ್ತಿದ್ದರೆ, ಅವಳನ್ನು ತಡೆಯಲು ನಾವಂತೂ ಹೋಗುವುದಿಲ್ಲ.