ಅಂಕಪಟ್ಟಿಯೂ ಶುಶ್ರೂಷೆಯೂ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಯಾಣವನ್ನು ನೋಡಬಂದವರು ಸಾಮಾನ್ಯವಾಗಿ ಎರಡು ಬಂಡೆಗಳನ್ನು ನೋಡಿ ಹಿಂದಿರುಗುತ್ತಾರೆ. ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರ್, ಮೋಹಿನಿ ಶಿಖರದ್ದು ಸುಮಾರು 90 ಮೀಟರ್. ಹಸಿರು ಕಾಡಿನ ನಡುವೆ ಕಪ್ಪಗೆ ಎದ್ದುನಿಂತ ಆ ಸುಣ್ಣಶಿಲೆಯ ಗೋಪುರಗಳ ಮುಂದೆ ಎಂಥ ಮಾತುಗಾರನೂ ಒಂದು ಗಳಿಗೆ ಮೂಕನಾಗುತ್ತಾನೆ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂಬ ಗಾದೆ ಹುಟ್ಟಿದ್ದು ದಾರಿ ದುರ್ಗಮವಾಗಿದ್ದ ಕಾಲದಲ್ಲಿ. ಕಾಲಲ್ಲಿ ಕಸುವಿದ್ದವನು ಮಾತ್ರ ಅಲ್ಲಿಗೆ ಹೋಗಬಲ್ಲನೆಂಬುದು ಅದರ ತಾತ್ಪರ್ಯ. ಈಗ ವಾಹನಗಳು ಬಂಡೆಯ ಸಮೀಪದವರೆಗೂ ಹೋಗುತ್ತವೆ. ಆದರೂ ಬಂದವರ ಕಣ್ಣಿಗೆ ಊರು ಬೀಳುವುದು ಅಪರೂಪ. ಕಾಡಿನ ಮರೆಯಲ್ಲಿ, ಅಡಕೆಯ ತೋಟಗಳ ಅಂಚಿನಲ್ಲಿ, ಅಲ್ಲೊಂದು ಇಲ್ಲೊಂದು ಮನೆ. ಆ ಮನೆಗಳಲ್ಲಿಯೂ ಮಕ್ಕಳಿಗೆ ಜ್ವರ ಬರುತ್ತದೆ, ಬಸುರಿಯರಿಗೆ ನೋವು ಕಾಣಿಸಿಕೊಳ್ಳುತ್ತದೆ, ಮುದುಕರು ಜಾರಿ ಬೀಳುತ್ತಾರೆ. ಸೊಕ್ಕೂ ರೊಕ್ಕವೂ ಇಲ್ಲದ ರೋಗಿ ಎಲ್ಲಿಗೆ ಹೋಗಬೇಕೆಂಬುದನ್ನು ಗಾದೆ ಹೇಳುವುದಿಲ್ಲ.

ಇಂಥ ಊರಿನ ಒಬ್ಬ ಹುಡುಗಿಯನ್ನು ಭಾವಿಸಿಕೊಳ್ಳಬಹುದು. ಮಳೆಗಾಲದಲ್ಲಿ ಹಳ್ಳ ಏರಿದ ದಿನ ಅವಳಿಗೆ ಶಾಲೆ ತಪ್ಪುತ್ತದೆ. ಕೊನೆಕೊಯ್ಲಿನ ದಿನಗಳಲ್ಲಿ ಇರುಳು ಕುಳಿತು ಅಡಕೆ ಸುಲಿಯುವ ಕೈಗಳಲ್ಲಿ ಅವಳ ಕೈಗಳೂ ಸೇರಿರುತ್ತವೆ. ಅಜ್ಜಿ ಹಾಸಿಗೆ ಹಿಡಿದರೆ ಗಂಜಿ ಕುಡಿಸುವುದಕ್ಕೆ, ಮಗ್ಗುಲು ಹೊರಳಿಸುವುದಕ್ಕೆ ಮನೆಯವರು ಕರೆಯುವುದು ಅವಳನ್ನೇ. ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ಗಣಿತದಲ್ಲಿ ನಪಾಸು. ಇಂಗ್ಲಿಷಿನಲ್ಲಿ ತೇರ್ಗಡೆಯ ಗೆರೆಯನ್ನು ಹೇಗೋ ದಾಟಿರುತ್ತಾಳೆ. ಆಗ ಮನೆಯ ಹಿರಿಯರು ತೀರ್ಪು ಕೊಡುತ್ತಾರೆ: 'ಸಾಕು ತಂಗೀ, ಓದು ನಿನ್ನ ಹಣೆಯಲ್ಲಿ ಬರೆದಿಲ್ಲ.' ಪಕ್ಕದ ಮನೆಯವರು ಕನಿಕರದಿಂದ ಇನ್ನೊಂದು ಮಾತು ಸೇರಿಸುತ್ತಾರೆ: 'ಬೇರೆ ಯಾವುದಕ್ಕೂ ಆಗದಿದ್ದರೆ ನರ್ಸಿಂಗಿಗಾದರೂ ಕಳಿಸಿ.'

ಮೊದಲನೆಯ ಮಾತು ಹುಡುಗಿಗೆ ಮಾಡಿದ ಅನ್ಯಾಯ. ಎರಡನೆಯದು ಶುಶ್ರೂಷೆಗೆ ಮಾಡಿದ ಅವಮಾನ. ಲೋಕದಲ್ಲಿ ಮೊದಲನೆಯದನ್ನು ಖಂಡಿಸುವವರು ಉಂಟು; ಎರಡನೆಯದನ್ನು ಖಂಡಿಸುವವರು ಕಡಿಮೆ. ಆದರೆ ಹುಡುಗಿಗೆ ಹೆಚ್ಚು ಕೇಡು ಮಾಡುವುದು ಎರಡನೆಯದೇ. 'ಗಾದರೂ' ಎಂಬ ಆ ಒಂದು ಶಬ್ದವನ್ನು ನಂಬಿ ಹೊರಟವಳು ಶುಶ್ರೂಷಾ ಶಾಲೆಯ ಮೊದಲ ತಿಂಗಳಲ್ಲಿಯೇ ಕಂಗಾಲಾಗುತ್ತಾಳೆ.

ಏಕೆಂದರೆ ತಾನು ಬಿಟ್ಟು ಬಂದೆನೆಂದು ತಿಳಿದಿದ್ದ ಗಣಿತ ಅಲ್ಲಿ ಬಾಗಿಲಲ್ಲಿಯೇ ನಿಂತಿರುತ್ತದೆ. ಎಂಟು ಕಿಲೋಗ್ರಾಂ ತೂಕದ ಮಗುವೊಂದಕ್ಕೆ ಜ್ವರ. ತೂಕದ ಕಿಲೋಗ್ರಾಮಿಗೆ 15 ಮಿಲಿಗ್ರಾಮಿನಂತೆ ಔಷಧ ಕೊಡಬೇಕೆಂದು ವೈದ್ಯರು ಬರೆದಿದ್ದಾರೆ. ಹಾಗಾದರೆ ಮಗುವಿಗೆ 120 ಮಿಲಿಗ್ರಾಂ ಔಷಧ ಸಲ್ಲಬೇಕು. ಒಂದು ಸೀಸೆಯಲ್ಲಿ ಪ್ರತಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಔಷಧವಿದ್ದರೆ ಕೊಡಬೇಕಾದದ್ದು 5 ಮಿಲಿಲೀಟರ್. ನೋಡಲು ಅದರಂತೆಯೇ ಇರುವ ಇನ್ನೊಂದು ಸೀಸೆಯಲ್ಲಿ 5 ಮಿಲಿಲೀಟರಿಗೆ 250 ಮಿಲಿಗ್ರಾಂ ಇದ್ದರೆ ಕೊಡಬೇಕಾದದ್ದು 2.4 ಮಿಲಿಲೀಟರ್ ಮಾತ್ರ. ಸೀಸೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದಲು ಬಾರದಿದ್ದರೆ, ಓದಿಯೂ ಲೆಕ್ಕ ಹಾಕಲು ಬಾರದಿದ್ದರೆ, ಮಗುವಿನ ಹೊಟ್ಟೆಗೆ ಎರಡರಷ್ಟು ಔಷಧ ಹೋಗುತ್ತದೆ. ಇನ್ನೊಬ್ಬ ರೋಗಿಗೆ 500 ಮಿಲಿಲೀಟರ್ ದ್ರವವನ್ನು ನಾಲ್ಕು ಗಂಟೆಗಳಲ್ಲಿ ನರದ ಮೂಲಕ ಏರಿಸಬೇಕಾಗಿದೆ. ಮಿಲಿಲೀಟರಿಗೆ 20 ಹನಿ ಬೀಳುವ ನಳಿಕೆಯಾದರೆ ಒಟ್ಟು ಹತ್ತು ಸಾವಿರ ಹನಿ; 240 ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ ಸುಮಾರು 42. ದಾದಿಯು ಗಡಿಯಾರವನ್ನು ನೋಡುತ್ತ ಹನಿಯನ್ನು ಎಣಿಸಿ ತಿರುಗಣೆಯನ್ನು ಸರಿಪಡಿಸುತ್ತಾಳೆ. ಇದು ಶಾಲೆಯ ಹಳೆಯ ತ್ರೈರಾಶಿಕವೇ ಹೊರತು ಬೇರೆ ವಿದ್ಯೆಯಲ್ಲ. ಹತ್ತು ಆಳು ಆರು ದಿನದಲ್ಲಿ ಕಟ್ಟುವ ಗೋಡೆಯ ಲೆಕ್ಕ ತಪ್ಪಿದರೆ ಒಂದು ಅಂಕ ಹೋಗುತ್ತಿತ್ತು. ಇಲ್ಲಿ ತಪ್ಪಿದರೆ ಹೋಗುವುದು ಅಂಕವಲ್ಲ.

ಆಧುನಿಕ ಶುಶ್ರೂಷೆಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲರನ್ನು ಕೈಯಲ್ಲಿ ದೀಪ ಹಿಡಿದ ಕರುಣಾಮಯಿಯೆಂದು ಚಿತ್ರಿಸುವುದು ವಾಡಿಕೆ. ದೀಪ ಸುಳ್ಳಲ್ಲ. ಆದರೆ ಆಕೆಯ ಮೇಜಿನ ಮೇಲೆ ಲೆಕ್ಕದ ಹಾಳೆಗಳೂ ಇದ್ದವು. 1854ರಲ್ಲಿ ಕ್ರಿಮಿಯಾ ಯುದ್ಧದ ಆಸ್ಪತ್ರೆಗೆ ಹೋದ ಆಕೆ, ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ರೋಗಗಳಿಂದ ಸಾಯುತ್ತಿದ್ದಾರೆಂಬುದನ್ನು ಅಂಕಿಗಳಲ್ಲಿ ಇಟ್ಟು, ಅವನ್ನು ಬಣ್ಣದ ವೃತ್ತಚಿತ್ರಗಳಾಗಿ ಬರೆದು ಸರ್ಕಾರದ ಕಣ್ಣು ತೆರೆಸಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯರನ್ನಾಗಿ ಆರಿಸಿಕೊಂಡಿತು. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶುಶ್ರೂಷಾ ಶಾಲೆ ತೆರೆದದ್ದು ಆ ಬಳಿಕ, 1860ರಲ್ಲಿ. ಕರುಣೆಯಿದ್ದರೆ ಸಾಕು, ತಲೆ ಬೇಡ ಎನ್ನುವವರು ಈ ಕ್ರಮವನ್ನು ಗಮನಿಸಬೇಕು.

ಹಾಗಾದರೆ ಗಣಿತದಲ್ಲಿ ನಪಾಸಾದವಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವುದು ನ್ಯಾಯವೇ? ಎಂದಿಗೂ ಅಲ್ಲ. ಅಂಕಪಟ್ಟಿಯು ಒಂದು ವರ್ಷದ ಕೆಲವು ಮುಂಜಾವುಗಳಲ್ಲಿ ಒಬ್ಬಳು ಏನು ಬರೆದಳೆಂಬುದನ್ನು ಹೇಳುತ್ತದೆ. ಆ ಮಟ್ಟಿಗೆ ಅದು ಸತ್ಯ. ಹಳ್ಳ ಏರಿದ್ದನ್ನು ಅದು ಹೇಳುವುದಿಲ್ಲ. ಅಜ್ಜಿಯ ಮಗ್ಗುಲು ಹೊರಳಿಸಿದ ಕೈಯ ಹದವನ್ನೂ ಹೇಳುವುದಿಲ್ಲ.

ಅಂಕಪಟ್ಟಿಯೇ ಇಲ್ಲದ ಒಂದು ಜೀವವನ್ನು ಕನ್ನಡನಾಡು ಕಂಡಿದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಶಾಲೆಗೆ ಹೋದವರಲ್ಲ. ಅಜ್ಜಿಯಿಂದ ಸೂಲಗಿತ್ತಿತನವನ್ನು ಕಲಿತು, ಸುಮಾರು ಎಪ್ಪತ್ತು ವರ್ಷಗಳ ಕಾಲ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು, ಪ್ರತಿಫಲ ಬೇಡದೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾನಿಲಯವು 2014ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಈ ಉದಾಹರಣೆಯನ್ನು ತಪ್ಪಾಗಿ ಬಳಸುವವರೂ ಇದ್ದಾರೆ. 'ನರಸಮ್ಮ ಓದಿದ್ದರೇನು?' ಎಂದು ಕೇಳಿ ಪುಸ್ತಕವನ್ನು ಮುಚ್ಚಿಡುವವರಿಗೆ ಉತ್ತರವಿದೆ. ನರಸಮ್ಮನವರು ಕಲಿಯದೆ ಕೆಲಸಕ್ಕೆ ಇಳಿದವರಲ್ಲ. ಅಜ್ಜಿಯ ಪಕ್ಕದಲ್ಲಿ ಕುಳಿತು, ನೋಡಿ, ಕೈ ತಿದ್ದಿಸಿಕೊಂಡು ಕಲಿತವರು. ಅವರ ಶಾಲೆಗೆ ಗೋಡೆಯಿರಲಿಲ್ಲ ಅಷ್ಟೆ. ಇಂದಿನ ದಾದಿಗೆ ಆ ಕೈಯ ಹದದ ಜೊತೆಗೆ ರಕ್ತದೊತ್ತಡದ ಅಂಕಿ, ಚುಚ್ಚುಮದ್ದಿನ ಪ್ರಮಾಣ, ಲಸಿಕೆಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಕಾಪಾಡುವ ಎಚ್ಚರ, ದಾಖಲೆಯ ಬರವಣಿಗೆ ಎಲ್ಲವೂ ಬೇಕು. ಆದುದರಿಂದ ಹಿಂದೆ ಬಿದ್ದವಳಿಗಾಗಿ ಮಟ್ಟವನ್ನು ಇಳಿಸಬೇಕೆಂಬ ವಾದ ಒಪ್ಪತಕ್ಕದ್ದಲ್ಲ. ಘಟ್ಟದ ಮಗುವಿಗೆ ಅರ್ಧ ಕಲಿತ ದಾದಿ ಸಾಕೆಂದು ಹೇಳುವ ಹಕ್ಕು ಯಾರಿಗಿದೆ? ಇಳಿಸಬೇಕಾದದ್ದು ಏಣಿಯ ಮೊದಲ ಮೆಟ್ಟಿಲನ್ನು, ಮಹಡಿಯನ್ನಲ್ಲ.

ಅಂಥ ಏಣಿ ಈಗಾಗಲೇ ಇದೆ ಎಂಬುದು ಅನೇಕ ಮನೆಗಳಿಗೆ ತಿಳಿಯದು. ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ.ಗೂ ದ್ವಿತೀಯ ಪಿ.ಯು.ಸಿ.ಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುವುದರಿಂದ ಒಂದು ವಿಷಯದ ಸೋಲು ಒಂದು ವರ್ಷವನ್ನೇ ನುಂಗಬೇಕಾಗಿಲ್ಲ. ವಿಜ್ಞಾನವನ್ನು ಓದದವಳಿಗೆ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ನೇರವಾಗಿ ದಕ್ಕುವುದಿಲ್ಲ. ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಆದರೆ ಮೂರು ವರ್ಷದ ಜಿ.ಎನ್.ಎಂ. ಶಿಕ್ಷಣಕ್ಕೆ, ಇಂಗ್ಲಿಷನ್ನು ಒಳಗೊಂಡ ಪಿ.ಯು.ಸಿ.ಯನ್ನು ಯಾವ ವಿಭಾಗದಲ್ಲಾದರೂ ನೂರಕ್ಕೆ 40 ಅಂಕಗಳೊಡನೆ ಮುಗಿಸಿದವರು ಅರ್ಹರು. ಇದರಲ್ಲಿ ಹುಡುಗರಿಗೂ ಅವಕಾಶವುಂಟು. ಎರಡು ವರ್ಷದ ಎ.ಎನ್.ಎಂ. ಶಿಕ್ಷಣಕ್ಕೆ ಹಿಂದೆ ಹತ್ತನೆಯ ತರಗತಿ ಸಾಕಾಗಿತ್ತು, ಈಗ ಪಿ.ಯು.ಸಿ. ಬೇಕು, ಕಲಾ ವಿಭಾಗವಾದರೂ ಆದೀತು. ಎ.ಎನ್.ಎಂ. ಆಗಿ ನೋಂದಣಿ ಪಡೆದವಳು ಮುಂದೆ ಜಿ.ಎನ್.ಎಂ.ಗೆ ಸೇರಬಹುದು, ಜಿ.ಎನ್.ಎಂ. ಮುಗಿಸಿದವಳು ಇನ್ನೆರಡು ವರ್ಷ ಓದಿ ಪದವಿಯನ್ನು ಪಡೆಯಬಹುದು. ದಾರಿ ಸುತ್ತಿನದು, ಆದರೆ ಮುಚ್ಚಿದ್ದಲ್ಲ.

ದಾರಿ ತಿಳಿಯದವರನ್ನು ಕಾಯುತ್ತಿರುವ ದಲ್ಲಾಳಿಗಳ ವಿಷಯವನ್ನೂ ಇಲ್ಲಿ ಹೇಳದೆ ವಿಧಿಯಿಲ್ಲ. 'ಅಂಕ ಎಷ್ಟೇ ಇರಲಿ, ಸೀಟು ಕೊಡಿಸುತ್ತೇವೆ. ತರಗತಿಗೆ ಬರದಿದ್ದರೂ ನಡೆಯುತ್ತದೆ' ಎಂದು ಹೇಳಿ ತೋಟದ ಮೇಲೆ ಸಾಲ ತೆಗೆಸುವವರಿದ್ದಾರೆ. ಹಣ ಕಟ್ಟುವ ಮುನ್ನ ಆ ಸಂಸ್ಥೆಗೆ ರಾಜ್ಯದ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ, ಕಲಿಯುವುದಕ್ಕೆ ರೋಗಿಗಳಿರುವ ಆಸ್ಪತ್ರೆ ಇದೆಯೇ ಎಂದು ವಿಚಾರಿಸಬೇಕು. ತರಗತಿಗೆ ಬರಬೇಕಾಗಿಲ್ಲವೆನ್ನುವ ಶುಶ್ರೂಷಾ ಶಾಲೆ, ನೀರಿಗೆ ಇಳಿಯಬೇಕಾಗಿಲ್ಲವೆನ್ನುವ ಈಜುಶಾಲೆಯಂತೆ.

ಏಣಿಯಿದ್ದರೆ ಸಾಲದು, ಕಾಲಿಗೆ ಬಲ ಬೇಕು. 'ಇವಳಿಗೆ ಗಣಿತ ಹತ್ತುವುದಿಲ್ಲ' ಎಂದು ಹೇಳಿಬಿಡುವುದು ಉಪಾಧ್ಯಾಯರಿಗೆ ಸುಲಭ. ಹತ್ತನೆಯ ತರಗತಿಯ ಸೋಲಿನ ಬೇರು ಅನೇಕ ವೇಳೆ ಐದನೆಯ ತರಗತಿಯ ಭಿನ್ನರಾಶಿಯಲ್ಲಿರುತ್ತದೆ. ಆ ಪಾಠ ನಡೆದ ವಾರ ಹುಡುಗಿ ಜ್ವರದಿಂದ ಮಲಗಿದ್ದಳೋ, ಹಳ್ಳದ ಈಚೆಗೆ ಉಳಿದಿದ್ದಳೋ, ಯಾರು ಬಲ್ಲರು? ಅಂದು ಬಿಟ್ಟುಹೋದ ಒಂದು ಕೊಂಡಿಯಿಂದ ಮುಂದಿನ ಸರಪಳಿಯೆಲ್ಲ ಸಡಿಲವಾಯಿತು. ಅವಳನ್ನು ಮತ್ತೆ ಆ ಕೊಂಡಿಯ ಬಳಿಗೆ ಕರೆದೊಯ್ಯಬೇಕು. ಹದಿನೇಳರ ಹುಡುಗಿ ಹತ್ತರ ಮಕ್ಕಳ ಲೆಕ್ಕದ ಪುಸ್ತಕವನ್ನು ಬಿಡಿಸಿ ಕೂರುವುದಕ್ಕೆ ನಾಚುತ್ತಾಳೆ. ನಾಚಿಕೆಯನ್ನು ಗೆಲ್ಲುವುದೇ ಲೆಕ್ಕವನ್ನು ಗೆಲ್ಲುವುದಕ್ಕಿಂತ ಕಷ್ಟ. ಊರಿನ ಅಕ್ಕೋರು ಸಂಜೆ ಒಂದು ಗಂಟೆ ಅವಳಿಗಾಗಿ ಕೊಟ್ಟರೆ ಭಿನ್ನರಾಶಿ, ದಶಾಂಶ, ಶೇಕಡಾ, ತ್ರೈರಾಶಿಕ ಇಷ್ಟನ್ನು ಕೆಲವು ತಿಂಗಳಲ್ಲಿ ಮುಗಿಸಬಹುದು. ಇಂಗ್ಲಿಷಿಗೂ ಇದೇ ಮಾತು. ಅವಳು ಭಾಷಣ ಮಾಡಬೇಕಾಗಿಲ್ಲ. ಔಷಧದ ಸೀಸೆಯನ್ನೂ ವೈದ್ಯರ ಚೀಟಿಯನ್ನೂ ತಪ್ಪಿಲ್ಲದೆ ಓದಿ, ಒಂದು ವರದಿಯನ್ನು ಸರಿಯಾಗಿ ಬರೆಯಬಲ್ಲವಳಾದರೆ ಆರಂಭಕ್ಕೆ ಸಾಕು.

ಇದಕ್ಕಾಗಿ ಒಂದು ವರ್ಷ ಕಳೆದರೆ ಕಳೆಯಲಿ. ಈ ಎರಡೂ ಡಿಪ್ಲೊಮಾ ಶಿಕ್ಷಣಗಳಿಗೆ ಕನಿಷ್ಠ ವಯಸ್ಸು 17, ಗರಿಷ್ಠ 35. ಅಷ್ಟು ಕಾಲಾವಕಾಶವನ್ನು ನಿಯಮವೇ ಕೊಟ್ಟಿರುವಾಗ ನೆರೆಹೊರೆಯವರಿಗೇಕೆ ಅವಸರ? ಅಮೆರಿಕದ ಮೇರಿ ಎಲೈಜಾ ಮಹೋನಿ ಕಪ್ಪು ವರ್ಣದವರೆಂಬ ಕಾರಣಕ್ಕೆ ಶುಶ್ರೂಷಾ ಶಾಲೆಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಬೋಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ ಸುಮಾರು ಹದಿನೈದು ವರ್ಷ ದುಡಿದರು. ಅದೇ ಆಸ್ಪತ್ರೆಯ ಶುಶ್ರೂಷಾ ಶಾಲೆಗೆ 1878ರಲ್ಲಿ ಸೇರುವಾಗ ಅವರ ವಯಸ್ಸು ಮೂವತ್ತು ದಾಟಿತ್ತು. ಜೊತೆಗೆ ಸೇರಿದವರಲ್ಲಿ ಹೆಚ್ಚಿನವರು ಶಿಕ್ಷಣದ ಕಾಠಿಣ್ಯಕ್ಕೆ ಹೆದರಿ ನಡುವೆಯೇ ಬಿಟ್ಟುಹೋದರು. 1879ರಲ್ಲಿ ತೇರ್ಗಡೆಯಾದ ಕೆಲವೇ ಮಂದಿಯಲ್ಲಿ ಮಹೋನಿ ಒಬ್ಬರು. ತಡವಾಗಿ ಬಂದವರೆಂದು ಆಕೆಯ ರೋಗಿಗಳಾರೂ ದೂರಿದ್ದಿಲ್ಲ.

ಜೀವದ ಪ್ರಶ್ನೆ ಬಂದಾಗ ಒಮ್ಮೆ ಸೋತವಳನ್ನು ನಂಬುವುದು ಹೇಗೆಂದು ಕೇಳುವವರ ಅಂಜಿಕೆ ಸುಳ್ಳಲ್ಲ. ಆದರೆ ಶುಶ್ರೂಷಾ ಶಾಲೆಗೂ ಪರೀಕ್ಷೆಗಳಿವೆ, ನೋಂದಣಿಯಿಲ್ಲದೆ ಕೆಲಸವಿಲ್ಲ. ಒಳಗೆ ಬರುವಾಗ ಅವಳು ಎಷ್ಟು ಬಲ್ಲಳೆಂಬುದಕ್ಕಿಂತ ಹೊರಗೆ ಹೋಗುವಾಗ ಎಷ್ಟು ಬಲ್ಲಳೆಂಬುದನ್ನು ಬಿಗಿಯಾಗಿ ಅಳೆಯಲಿ. ಅಲ್ಲಿ ಯಾವ ರಿಯಾಯಿತಿಯೂ ಬೇಡ.

ಯಾಣದಂಥ ಊರುಗಳಿಗೆ ಇದು ಬರಿಯ ಒಬ್ಬ ಹುಡುಗಿಯ ಪ್ರಶ್ನೆಯಾಗಿ ಉಳಿದಿಲ್ಲ. ದೊಡ್ಡ ಕಾಯಿಲೆ ಬಂದರೆ ಉತ್ತರ ಕನ್ನಡದ ಜನ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವೆಯ ಕಡೆಗೆ ಓಡುತ್ತಾರೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಗಟ್ಟಿಯಾಗಿ ಕೂಗೆಬ್ಬಿಸಿದರು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಆಸ್ಪತ್ರೆಯ ಕಟ್ಟಡ ಎಷ್ಟೇ ದೊಡ್ಡದಾದರೂ ಅದು ಘಟ್ಟವನ್ನು ಹತ್ತಿ ಬರುವುದಿಲ್ಲ. ಬರುವವಳು ಆರೋಗ್ಯ ಉಪಕೇಂದ್ರದ ದಾದಿ. ಗುಡ್ಡಗಾಡಿನಲ್ಲಿ 3000 ಜನರಿಗೆ ಒಂದು ಉಪಕೇಂದ್ರವೆಂಬುದು ಸರ್ಕಾರದ ಕ್ರಮ. ಕಾಗದದಲ್ಲಿ ಈ ಸಂಖ್ಯೆ ಚಿಕ್ಕದು. ಕಾಡಿನ ಕಾಲುಹಾದಿಯಲ್ಲಿ ದೊಡ್ಡದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಈ ಘಟ್ಟದ ಸೀಮೆಯನ್ನೂ ಕಾಡಿದೆ. ಕಾಡಿನಲ್ಲಿ ಮಂಗ ಸತ್ತುಬಿದ್ದ ಸುದ್ದಿಯನ್ನು ಮೊದಲು ಕೇಳಿ, ಸೊಪ್ಪಿಗೆ ಹೋದವರಲ್ಲಿ ಯಾರಿಗೆ ಜ್ವರ ಬಂದಿದೆಯೆಂದು ಮನೆಮನೆಗೆ ಹೋಗಿ ವಿಚಾರಿಸಬೇಕಾದವಳು ಅವಳೇ. ದೂರದ ಊರಿನಿಂದ ಬಂದವಳು ಒಂದು ಮಳೆಗಾಲವನ್ನು ಕಂಡು ವರ್ಗಾವಣೆಗೆ ಅರ್ಜಿ ಹಾಕಿದರೆ ಅವಳನ್ನು ದೂರಲಾಗದು. ಇಂಬಳದ ನಡುವೆ, ಪರಿಚಯವಿಲ್ಲದ ಕಾಡಿನಲ್ಲಿ ಒಬ್ಬಳೇ ನಡೆಯುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಹೀಗೆ ಕಲಿತ ಯಾಣದ ಹುಡುಗಿ ಯಾಣಕ್ಕೇ ಹಿಂದಿರುಗುತ್ತಾಳೆಂದು ಭರವಸೆ ಕೊಡಲು ಯಾರಿಂದಲೂ ಸಾಧ್ಯವಿಲ್ಲ. ಮಂಗಳೂರಿಗೆ ಹೋದಾಳು, ಕಡಲಾಚೆಗೂ ಹೋದಾಳು. ಹೋಗುವುದು ಅವಳ ಹಕ್ಕು. ಆದರೆ ಅಂಥ ಹಲವರಲ್ಲಿ ಒಬ್ಬಳು ಹಿಂದಿರುಗಿದರೂ ಲೆಕ್ಕ ಬೇರೆಯಾಗುತ್ತದೆ. ಆಷಾಢದ ಇರುಳಿನಲ್ಲಿ ಹಳ್ಳದಾಚೆಯ ಮನೆಯಲ್ಲಿ ಎಂಟು ಕಿಲೋಗ್ರಾಂ ತೂಕದ ಮಗುವೊಂದು ಜ್ವರದಿಂದ ನರಳುತ್ತಿರುವಾಗ, ಕಾಲುಸಂಕ ಎಲ್ಲಿದೆಯೆಂದು ಅವಳಿಗೆ ಯಾರೂ ತೋರಿಸಬೇಕಾಗಿರುವುದಿಲ್ಲ. ಸೀಸೆಯಿಂದ ಎಷ್ಟು ತೆಗೆಯಬೇಕೆಂದು ಹೇಳಿಕೊಡಬೇಕಾಗಿಯೂ ಇರುವುದಿಲ್ಲ.