ಮನೆಮಾತು ಮತ್ತು ಬೆಳ್ಳಿತೆರೆ

ಪುತ್ತೂರು, ಸುಳ್ಯ, ಕಡಬಗಳ ಕಡೆಯ ಶಾಲೆಯೊಂದರ ತರಗತಿಯನ್ನು ಹೊಕ್ಕು, ಮಕ್ಕಳ ಮನೆಮಾತು ಯಾವುದೆಂದು ಕೇಳಿದರೆ ಒಂದೇ ಉತ್ತರ ದೊರೆಯದು. ಒಬ್ಬನದು ತುಳು, ಮತ್ತೊಬ್ಬಳದು ಅರೆಭಾಷೆ. ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲೆಯಾಳಗಳನ್ನಾಡುವವರೂ ಅದೇ ಸಾಲಿನಲ್ಲಿ ಕುಳಿತಿರುತ್ತಾರೆ. ಪಾಠ ಕೇಳುವುದು ಕನ್ನಡದಲ್ಲಿ. ಪೇಟೆಯಲ್ಲಿ ಅಡಕೆಯ ಧಾರಣೆ ವಿಚಾರಿಸುವುದು ತುಳುವಿನಲ್ಲಿ. ಈ ನೆಲದಲ್ಲಿ ಹಲವು ಮಾತುಗಳನ್ನು ಅರಿತಿರುವುದು ಪಾಂಡಿತ್ಯದ ಲಕ್ಷಣವಲ್ಲ. ನಿತ್ಯದ ಬಾಳಿನ ಅಗತ್ಯ. ಆದರೂ ಇಲ್ಲಿಂದ ಹೊರಟವರೊಬ್ಬರು ಪರಭಾಷೆಯಲ್ಲಿ ಹೆಸರು ಗಳಿಸಿದರೆ, ‘ಅವರು ಇನ್ನು ನಮ್ಮವರಲ್ಲ’ ಎಂಬ ಮಾತು ಕೇಳಿಬರುವುದುಂಟು. ಈ ಮಾತು ಎಷ್ಟರ ಮಟ್ಟಿಗೆ ನ್ಯಾಯವಾದುದು? ಚಲನಚಿತ್ರ ನಟಿ ಅನುಷ್ಕಾ ಶೆಟ್ಟಿಯವರ ಬದುಕು ಈ ಪ್ರಶ್ನೆಗೆ ತಕ್ಕ ಒರೆಗಲ್ಲಾಗಿದೆ.

ಪುತ್ತೂರು ಸೀಮೆಯಲ್ಲಿ ಬೇರುಳ್ಳ ತುಳು ಮನೆತನವೊಂದರಲ್ಲಿ 1981ರ ನವೆಂಬರ್ 7ರಂದು ಅವರು ಜನಿಸಿದರು. ಮನೆಯವರು ಇಟ್ಟ ಹೆಸರು ಸ್ವೀಟಿ. ಬೆಂಗಳೂರಿನಲ್ಲಿ ಓದಿ, ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಗಣಕಯಂತ್ರ ವಿಷಯದ ಪದವಿಯನ್ನು ಪಡೆದರು. ಬಳಿಕ ಭರತ್ ಠಾಕೂರ್ ಅವರಲ್ಲಿ ಯೋಗವನ್ನು ಕಲಿತು, ತಾವೂ ಯೋಗ ಶಿಕ್ಷಕಿಯಾದರು. 2005ರಲ್ಲಿ ‘ಸೂಪರ್’ ಎಂಬ ತೆಲುಗು ಚಿತ್ರದ ಮೂಲಕ ಅವರ ನಟನಾ ಜೀವನ ಆರಂಭವಾಯಿತು. ಸ್ವೀಟಿ ಅನುಷ್ಕಾ ಆದದ್ದು ಆಗಲೇ. ಮರುವರ್ಷ ‘ರೆಂಡು’ ಚಿತ್ರದೊಡನೆ ತಮಿಳು ಚಿತ್ರರಂಗದ ಬಾಗಿಲೂ ತೆರೆಯಿತು. ತುಳು ಮಾತಿನ ಮನೆ, ಕನ್ನಡದ ರಾಜಧಾನಿಯಲ್ಲಿ ವಿದ್ಯೆ, ತೆಲುಗು ತಮಿಳುಗಳಲ್ಲಿ ಉದ್ಯೋಗ: ಒಂದು ಬಾಳಿನಲ್ಲಿ ನಾಲ್ಕು ನಾಡುಗಳು ಕೂಡಿಕೊಂಡವು.

ರೂಪವೊಂದರಿಂದಲೇ ಈ ಮನ್ನಣೆ ಬಂದಿತೆಂದು ಹೇಳುವವರು ಅವರ ಪಾತ್ರಗಳನ್ನು ಗಮನಿಸಿ ನೋಡಬೇಕು. 2009ರ ‘ಅರುಂಧತಿ’ಯಲ್ಲಿ ಮುತ್ತಜ್ಜಿಯ ಕಾಲದ ವೀರನಾರಿಯಾಗಿಯೂ ಇಂದಿನ ಯುವತಿಯಾಗಿಯೂ ಎರಡು ಪಾತ್ರಗಳನ್ನು ಅವರು ನಿರ್ವಹಿಸಿದರು. ಚಿತ್ರದ ಭಾರವೆಲ್ಲ ನಾಯಕಿಯ ಹೆಗಲ ಮೇಲಿತ್ತು. 2010ರ ‘ವೇದಂ’ನಲ್ಲಿ ಸಮಾಜವು ಮುಖ ತಿರುಗಿಸುವ ಹೆಣ್ಣೊಬ್ಬಳ ನೋವನ್ನು ನಟಿಸಿದರು. 2015ರಲ್ಲಿ, ಗಂಡುಮಗನಂತೆ ಬೆಳೆದು ಕಾಕತೀಯರ ಸಿಂಹಾಸನವನ್ನೇರಿದ ರುದ್ರಮದೇವಿಯಾದರು. ಈ ಮೂರೂ ಪಾತ್ರಗಳಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಸಂದಿತು. ಅದೇ ವರ್ಷ ‘ಬಾಹುಬಲಿ’ಯಲ್ಲಿ ಸಂಕೋಲೆಯಲ್ಲಿ ಬಳಲುವ ವೃದ್ಧ ದೇವಸೇನೆಯಾಗಿ ಕಾಣಿಸಿಕೊಂಡರು, 2017ರ ಎರಡನೆಯ ಭಾಗದಲ್ಲಿ ಬಿಲ್ಲು ಹಿಡಿದ ತರುಣಿ ದೇವಸೇನೆಯಾದರು. ದಪ್ಪ ಮೈಯ ಹುಡುಗಿಯೊಬ್ಬಳ ಕತೆಯಾದ ‘ಸೈಜ್ ಜೀರೋ’ ಚಿತ್ರಕ್ಕಾಗಿ ತಮ್ಮ ತೂಕವನ್ನೇ ಹೆಚ್ಚಿಸಿಕೊಂಡರು. ದೇಹವನ್ನು ಹದದಲ್ಲಿಡುವುದನ್ನೇ ಇತರರಿಗೆ ಕಲಿಸಿದವರು ಹೀಗೆ ಮಾಡಬೇಕಾದರೆ ಕಲೆಯ ಮೇಲೆ ಎಂತಹ ನಿಷ್ಠೆ ಇರಬೇಕು!

ಆದರೆ ಒಂದು ಕೊರತೆಯನ್ನು ಮುಚ್ಚಿಡಲಾಗದು. ‘ಅರುಂಧತಿ’ಯಲ್ಲಿ ಪ್ರೇಕ್ಷಕರ ಮೈನವಿರೇಳಿಸಿದ ಧ್ವನಿ ಅನುಷ್ಕಾ ಅವರದಲ್ಲ, ಬೇರೊಬ್ಬ ಕಲಾವಿದೆ ತೆರೆಯ ಮರೆಯಲ್ಲಿ ನಿಂತು ನೀಡಿದ ಧ್ವನಿ. ದಕ್ಷಿಣ ಭಾರತದ ಚಿತ್ರಗಳಲ್ಲಿ, ಮುಖ್ಯವಾಗಿ ನಾಯಕಿಯರ ವಿಷಯದಲ್ಲಿ, ಈ ಪದ್ಧತಿ ಬಹಳ ಕಾಲದಿಂದ ನಡೆದುಬಂದಿದೆ. ಪರಭಾಷೆಗೆ ಹೋದ ನಟಿಗೆ ಇದು ಆಸರೆ. ಆದರೆ ಅವಳ ಅರ್ಧ ಕಲೆಯನ್ನು ಇದು ಕಿತ್ತುಕೊಳ್ಳುತ್ತದೆ ಎಂಬುದೂ ನಿಜ. ಧ್ವನಿಯಿತ್ತವಳ ಹೆಸರಂತೂ ಬಹುಮಂದಿಗೆ ತಿಳಿಯುವುದೇ ಇಲ್ಲ. 2020ರ ‘ನಿಶ್ಶಬ್ದಂ’ ಚಿತ್ರದಲ್ಲಿ ಅನುಷ್ಕಾ ಅವರು ಮಾತು ಬಾರದ ಚಿತ್ರಕಲಾವಿದೆಯಾಗಿ ನಟಿಸಿದರು. ಅಲ್ಲಿ ಎರವಲು ಧ್ವನಿಗೆ ಎಡೆಯಿರಲಿಲ್ಲ. ಕಣ್ಣು, ಕೈಗಳೇ ಮಾತನಾಡಬೇಕಾಗಿತ್ತು.

ಕನ್ನಡ ಚಿತ್ರಗಳಲ್ಲಿ ಅವರು ನಟಿಸಲಿಲ್ಲವೆಂಬ ಅಸಮಾಧಾನ ಅನೇಕರಲ್ಲಿದೆ. ಇದರಲ್ಲಿ ಪ್ರೀತಿಯೂ ಇದೆ. ಆದ್ದರಿಂದ ಇದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಪುತ್ತೂರಿನ ಬಾಲಕಿಯೊಬ್ಬಳಿಗೆ ತನ್ನ ಊರಿನ ನಟಿ ತನ್ನ ಮಾತಿನಲ್ಲಿಯೇ ತೆರೆಯ ಮೇಲೆ ನುಡಿಯುವುದನ್ನು ಕೇಳುವ ಭಾಗ್ಯ ದೊರೆಯಲಿಲ್ಲ. ಇದು ನಷ್ಟವೇ ಸರಿ. ಆದರೆ ನಷ್ಟ ಬೇರೆ, ಅಪರಾಧ ಬೇರೆ. ದುಡಿಮೆ ಕರೆದ ಕಡೆಗೆ ಹೋಗುವುದು ಕರಾವಳಿಯವರಿಗೆ ಹೊಸದಲ್ಲ. ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಮನೆಗೆ ಹಣ ಕಳುಹಿಸಿದವರನ್ನು ಊರು ಪರಕೀಯರೆಂದು ಎಣಿಸಲಿಲ್ಲ. ಹಾಗಿರುವಾಗ ನಟಿಗೆ ಮಾತ್ರ ಬೇರೊಂದು ಅಳತೆಗೋಲು ಏಕೆ?

ಕನ್ನಡದ ಹಿರಿಯ ನಟಿ ಬಿ. ಸರೋಜಾದೇವಿಯವರು 1955ರಲ್ಲಿ ‘ಮಹಾಕವಿ ಕಾಳಿದಾಸ’ದಿಂದ ಆರಂಭಿಸಿ ತಮಿಳು, ತೆಲುಗು, ಹಿಂದಿಗಳಲ್ಲಿಯೂ ನಟಿಸಿದರು. ತಮಿಳರು ಅವರನ್ನು ಕರೆದದ್ದು ‘ಕನ್ನಡದ ಗಿಳಿ’ ಎಂಬರ್ಥದ ಬಿರುದಿನಿಂದ. ಅಲ್ಲಿ ಮೆರೆದ ಮಾತ್ರಕ್ಕೆ ಅವರ ಕನ್ನಡತನ ಅಳಿಯಲಿಲ್ಲ. ಅದೇ ಅವರ ಗುರುತಾಯಿತು.

ಬಹುಸಂಸ್ಕೃತಿಯೆಂಬುದು ಹಲವು ಊರುಗಳಲ್ಲಿ ಹೆಸರು ಮಾಡುವುದಷ್ಟೇ ಅಲ್ಲ. ಪರರ ನಾಡಿನ ರಾಣಿಯ ಗಾಂಭೀರ್ಯವನ್ನೂ ಬಡವಳ ಅಳಲನ್ನೂ ತನ್ನದೆಂಬಂತೆ ಅರಿತು, ಅವರೇ ಒಪ್ಪುವಂತೆ ತೋರಿಸುವುದು ಅದರ ನಿಜವಾದ ಪರೀಕ್ಷೆ. ಆ ಪರೀಕ್ಷೆಯ ಮೊದಲ ಪಾಠಶಾಲೆ, ನೆರೆಮನೆಯವರ ಮಾತನ್ನು ಆಲಿಸುತ್ತ ಬೆಳೆಯುವ ಪುತ್ತೂರು, ಸುಳ್ಯ, ಕಡಬಗಳಂತಹ ಊರುಗಳೇ ಆಗಿವೆ. ಇಲ್ಲಿನ ವಿದ್ಯಾರ್ಥಿ ತನ್ನ ಕನ್ನಡದಲ್ಲಿ ತುಳುವಿನ ಅಥವಾ ಅರೆಭಾಷೆಯ ಸೊಗಡಿದೆಯೆಂದು ನಾಚಬೇಕಾಗಿಲ್ಲ. ಹೊಸ ಭಾಷೆಯನ್ನು ಕಲಿಯಲು ಅಂಜಬೇಕಾಗಿಯೂ ಇಲ್ಲ.

ಕಡಬದ ಸೀಮೆಯಲ್ಲಿ ಹರಿಯುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದರ ಹೆಸರಿಲ್ಲ. ನೀರು ಮಾತ್ರ ಘಟ್ಟದ್ದೇ.