ಹೊಸ್ತಿಲಾ ದಾಟೂವಾಗ ಒಂದೀಟು ಥಂಡಿ ಹತ್ಲಿ ಬಿಡ್ರಿ

ನಮ್ಮ ಧಾರವಾಡದಾಗ ಡಿಸೆಂಬರ್, ಜನವರಿಯ ಮುಂಜಾನೆ ಬಾಗಲಾ ತಗದ್ರ ಮಾರೀಗೆ ತಣ್ಣೀರು ಗೊಜ್ಜಿದಂಗ ಆಗ್ತದ. ಅಂಥಾದ್ರಾಗೂ ನಾವು ನಾಕು ಮಂದಿ ಹೆಣ್ಮಕ್ಕಳು ಕೆಲಗೇರಿ ಕೆರಿ ಕಡೆ ಓಡ್ಲಿಕ್ಕೆ ಹೋಗ್ತೇವಿ. ಓಟ ಅಂದ್ರ ಏನ್ ಮಹಾ, ಎರಡು ನಿಮಿಷ ಓಡೋದು, ಎರಡು ನಿಮಿಷ ನಡಿಯೋದು. ಆದ್ರ ನಮ್ಮ ವೇಷ ನೋಡಿದವರು ಕಾಶೀಯಾತ್ರಾಕ್ಕ ಹೊಂಟಾರೇನೋ ಅನ್ನಬೇಕು. ಸೀರಿ, ಮ್ಯಾಲೆ ಉಣ್ಣಿ ಸ್ವೆಟರ್, ಅದರ ಮ್ಯಾಲೆ ಶಾಲು, ತಲಿಗೆ ಮಂಕಿ ಟೋಪಿ.

ಹೋದ ವರ್ಷ ನಾನೂ ಹಂಗ ಹೋಗ್ತಿದ್ದೆ. ಒಂದಿನ ಹತ್ತು ನಿಮಿಷದಾಗ ಬೆವತು ಕುಬಸ ಪೂರಾ ಹಸಿ ಆತು. ಸ್ವೆಟರ್ ಬಿಚ್ಚಿ ಕಟ್ಟಿ ಮ್ಯಾಲೆ ಕೂತು ಅರ್ಧಾ ತಾಸು ಹರಟಿ ಹೊಡದ್ವಿ. ಮನಿಗೆ ಬರೂದ್ರಾಗ ಗಡಗಡ ನಡುಕ, ಮೈಕೈ ಎಲ್ಲಾ ಹಿಡಕೊಂಡಿತ್ತು. "ಈ ವಯಸ್ಸಿನಾಗ ಇದೆಲ್ಲಾ ಬೇಕಾಗಿತ್ತೇನು?" ಅಂತ ಮನ್ಯಾಗ ಶುರು ಆತು. ಒಂದು ತಿಂಗಳು ಓಟ ಬಂದ್. ಖರೇ ಹೇಳಬೇಕಂದ್ರ ತಪ್ಪು ನನ್ನ ವಯಸ್ಸಿಂದಲ್ಲ, ಅರಬೀದು.

ಓಡೂವಾಗ ಮೈ ತಾನ ಕಾವು ಹುಟ್ಟಸ್ತದ. ಅದಕ್ಕ ಹೊರಗ ಇರೋದಕ್ಕಿಂತ 5ರಿಂದ 10 ಡಿಗ್ರಿ ಬೆಚ್ಚಗದ ಅಂತ ತಿಳದು ಅರಬಿ ಹಾಕೋಬೇಕು. ಹೊಸ್ತಿಲದಾಗ ಬೆಚ್ಚಗನಿಸಿತಂದ್ರ ಹೆಚ್ಚಾತು ಅಂತನ ಅರ್ಥ. ಹತ್ತಿ ಅರಬಿ ಬೆವರು ಹೀರಕೊಂಡು ಹಸೀನ ಉಳೀತದ, ಹಸಿ ಅರಬಿ ಮೈಕಾವು ಎಳಕೋತದ. ಒಳಗ ಹಗುರಾದ ಪಾಲಿಸ್ಟರ್ ಟೀ-ಶರ್ಟ್ ಹಾಕ್ರಿ, ಲಗೂನ ಒಣಗ್ತದ. ನಂದು ಮಗ ಬಿಟ್ಟಿದ್ದ ಹಳೇ ಆಟದ ಟೀ-ಶರ್ಟ್. ಅದರ ಮ್ಯಾಲೆ ಮುಂದ ಚೈನಿರೋ ತೆಳ್ಳನ ಜಾಕೀಟು ಸಾಕು. ಬೆಚ್ಚಗಾದ್ರ ಚೈನ್ ಇಳಸೋದು, ಗಾಳಿ ಬಿಟ್ರ ಏರಸೋದು. ಕಿವಿಗೊಂದು ಪಟ್ಟಿ, ಕೈಗೆ ಗ್ಲೋಜು. ಕತ್ತಲೀ, ಮಂಜು ಇರೋದರಿಂದ ಬಿಳೇದು ಇಲ್ಲಾ ಹಳದಿ ಬಣ್ಣದ್ದ ಹಾಕ್ರಿ, ಗಾಡಿಯವರಿಗೆ ಕಾಣಬೇಕು.

ಇಲ್ಲಿ ನಾವು ನಾವ ಇದ್ದೇವಿ, ಅದಕ್ಕ ಇದನ್ನೂ ಹೇಳಿಬಿಡ್ತೇನಿ. ದಿನಾ ಹಾಕೋ ಬ್ರಾ ಓಟಕ್ಕ ಆಗೂದಿಲ್ಲ, ಎದಿ ನೋಯ್ತದ. ಸ್ಪೋರ್ಟ್ಸ್ ಬ್ರಾ ಅಂತನ ಸಿಗ್ತದ. ಅದಕ್ಕೂ ಬೂಟಿಗೂ ರೊಕ್ಕ ಹಾಕ್ರಿ, ಉಳದದ್ದೆಲ್ಲಾ ಮನ್ಯಾಗಿಂದ ನಡೀತದ.

ಇನ್ನ "ಪ್ಯಾಂಟು ಹಾಕಿದ್ರ ಮಂದಿ ಏನಂದಾರು?" ಅನ್ನೋ ಮಾತು. ನಮ್ಮ ಓಣಿ ವೈನಿಯೊಬ್ಬರು ನೀರಗಿ ಕಾಲಿಗೆ ಸಿಕ್ಕು ಮುಗ್ಗರಿಸಿ ಬಿದ್ರು, ಮಣಕಾಲು ಕೆತ್ತಿತು. ಆವಾಗ ಆ ಮಂದಿ ಯಾರೂ ಎಬ್ಬಸ್ಲಿಕ್ಕೆ ಬರಲಿಲ್ಲ. ಉದ್ದನ್ನ ಕುರ್ತಾದ ಕೆಳಗ ಪ್ಯಾಂಟು ಹಾಕ್ರಿ, ಮರ್ಯಾದಿ ಎಲ್ಲೂ ಹೋಗೂದಿಲ್ಲ. ಮಕ್ಕಳ ಸಾಲಿ ಆಟಕ್ಕ ಡ್ರೆಸ್ಸು, ಬೂಟು ಓಡಿ ಹೋಗಿ ತರತೇವಿ. ನಮ್ಮ ಪಾಳಿ ಬಂದಾಗ "ಇದ್ದದ್ದರಾಗ ನಡೀತದ" ಅಂತೇವಿ. ಹಂಗಂದ ನಾವ ನಮ್ಮ ಓಟ ನಿಲ್ಲಿಸೋವ್ರ ಕೈಗೆ ನೆವಾ ಕೊಡ್ತೇವಿ.

ಮನಿಗೆ ಬಂದ ಮ್ಯಾಲೆ ಚಾಕ್ಕ ಇಡೋಕಿಂತ ಮೊದಲ ಹಸಿ ಅರಬಿ ಬದಲಸ್ರಿ. ಹರಟಿ ಹೊಡಿಯೋದಿದ್ರ ಚೀಲದಾಗ ಒಂದು ಒಣಾ ಸ್ವೆಟರ್ ಇರ್ಲಿ. ಹರಟಿ ಅಂತೂ ಬಿಡೂದಾಗೂದಿಲ್ಲ. ನಾಳೆ ಪೌಣೇ ಆರಕ್ಕ ಓಣಿ ತುದೀಗೆ ನಿಂತಿರ್ತೇನಿ. ಶಾಲು ಮನ್ಯಾಗ ಇಟ್ಟು ಬರ್ರಿ.